ತಣ್ಣನೆಯ ನೀರು, ಹೆಸರು ತಿಳಿಯದ ಹಡಗು

ತಣ್ಣನೆಯ ಸಮುದ್ರದಲ್ಲಿ ಮುಳುಗಿದ ಹಡಗಿನ ಬಳಿ ಇಳಿದು ಅದು ಯಾವುದೆಂದು ಪತ್ತೆ ಮಾಡುವುದು ಹೇಗೆ? ಇವತ್ತಿನ ಮಾತು ಅದೇ. ಚಿತ್ರದುರ್ಗದಲ್ಲಿ ಕೂತು ಸ್ಕೂಬಾ (ಗಾಳಿ ಸಿಲಿಂಡರ್ ಹೊತ್ತು ನೀರಿಗಿಳಿಯುವುದು) ಥಿಯರಿ ಓದುವ ನಮಗೆ ಆಳದ ಅಂದಾಜು ಬೇಕಾದರೆ ಮಾರಿಕಣಿವೆ ಇದೆಯಲ್ಲ! ವಾಣಿವಿಲಾಸ ಸಾಗರದ ತುಂಬು ಮಟ್ಟ 130 ಅಡಿ, ಹತ್ತಿರ ಹತ್ತಿರ 40 ಮೀಟರ್. ಹವ್ಯಾಸಿ ಡೈವರ್‌ಗಳ ಮಿತಿಯೂ ಅಷ್ಟೇ. 2022ರಲ್ಲಿ ಕೋಡಿ ಬಿದ್ದಾಗ ನೋಡಿ ಬಂದವರಿಗೆ ಅದೆಷ್ಟು ನೀರು ಅಂತ ಗೊತ್ತು.

ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಸುಮಾರು 1 ಬಾರ್ ಒತ್ತಡ ಏರುತ್ತದೆ. ನೀರಿನ ಮೇಲಿನ ಗಾಳಿಯದೇ 1 ಬಾರ್ ಇರುತ್ತದೆ, ಹಾಗಾಗಿ 30 ಮೀಟರಲ್ಲಿ ಒಟ್ಟು 4 ಬಾರ್, ಅಂದರೆ ಪ್ರತಿ ಉಸಿರಿಗೆ ನಾಲ್ಕು ಪಟ್ಟು ಗಾಳಿ ಖರ್ಚು. 12 ಲೀಟರ್ ಸಿಲಿಂಡರಿಗೆ 200 ಬಾರ್ ತುಂಬಿದರೆ 2400 ಲೀಟರ್ ಗಾಳಿ. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ 30 ಮೀಟರ್ ಆಳದಲ್ಲಿ 80 ಬೇಕು. 30 ನಿಮಿಷಕ್ಕೆ ಮುಗಿಯಿತು. ಚಳಿಗೆ ಉಸಿರು ಜೋರಾಗಿ 20 ಇದ್ದದ್ದು 30 ಆದರೆ? 20 ನಿಮಿಷಕ್ಕೇ ಖಾಲಿ! ಮುಳುಗಿದ ಹಡಗಿನ ಒಳಗೆ ನುಗ್ಗುವವರು ಗಾಳಿಯನ್ನು ಮೂರು ಪಾಲು ಮಾಡುತ್ತಾರೆ: ಹೋಗಲು, ಬರಲು, ಆಪತ್ತಿಗೆ. ಈ ಲೆಕ್ಕ ಸುಮ್ನೆ ಓದಬೇಡಿ, ಪೆನ್ನು ಹಿಡಿದು ಮಾಡಿ.

ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಬಿಸಿ ಎಳೆಯುತ್ತದೆ. ಡೈವರ್‌ಗಳು ಹಾಕುವ ವೆಟ್‌ಸೂಟಿನ ನಿಯೋಪ್ರೀನ್ ರಬ್ಬರ್ ಆಳದಲ್ಲಿ ಅದುಮಿ ತೆಳ್ಳಗಾಗುತ್ತದೆ, ಹಾಗಾಗಿ ಒಳಗೆ ನೀರು ಬಿಡದ ಡ್ರೈಸೂಟ್ ಬೇಕು. 10 ಡಿಗ್ರಿಗಿಂತ ಕೆಳಗೆ ಮಾಮೂಲಿ ರೆಗ್ಯುಲೇಟರಿನಲ್ಲಿ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಐಸ್ ಕಟ್ಟಿ ಗಾಳಿ ಒಂದೇ ಸಮ ಸುರಿದುಹೋಗಬಹುದು.

ಇಷ್ಟು ಕಮ್ಮಿ ಹೊತ್ತಿನಲ್ಲಿ ಹಡಗು ಯಾವುದೆಂದು ಪತ್ತೆ ಮಾಡುವುದು ಹೇಗೆ? ಎಲ್ಲರ ಕಣ್ಣೂ ಹೆಸರು ಕೊರೆದ ಹಡಗಿನ ಗಂಟೆಯ (ಬೆಲ್) ಮೇಲೆ. ಆದರೆ ಹಡಗಿನ ಹೆಸರು ಬದಲಾದ ಮೇಲೂ ಹಳೇ ಗಂಟೆಯೇ ಉಳಿದಿರಬಹುದು. ಉಗಿಹಡಗಾದರೆ ಮೊದಲು ಎಂಜಿನ್ ಸಿಲಿಂಡರ್, ಬಾಯ್ಲರ್ ಅಳೆಯುವುದೇ ಸರಿ ಅನ್ನುತ್ತೇನೆ. ಗೋಡೆಗಳ ತಗಡು ಕುಸಿದ ಮೇಲೂ ಅವು ಉಳಿದಿರುತ್ತವೆ. ಹಡಗುಗಳ ವಿವರ ಪಟ್ಟಿ ಮಾಡುವ ಲಾಯ್ಡ್ಸ್ ರಿಜಿಸ್ಟರಿನ ಹಳೇ ಸಂಪುಟಗಳಲ್ಲಿ ಸಿಲಿಂಡರಿನ ಅಳತೆಗಳು ಅಚ್ಚಾಗಿವೆ.

ಒಂದು ವಸ್ತು ಸಿಕ್ಕಿದ ಕೂಡಲೇ ಹೆಸರು ಹೇಳಿಬಿಡಬಾರದು. 1991ರಲ್ಲಿ ಅಮೆರಿಕದ ನ್ಯೂಜೆರ್ಸಿ ಕರಾವಳಿಯಾಚೆ, ಸುಮಾರು 70 ಮೀಟರ್ ಆಳದಲ್ಲಿ ಒಂದು ಜರ್ಮನ್ ಸಬ್‌ಮರೀನ್ ಸಿಕ್ಕಿತು. ಆ ಆಳದಲ್ಲಿ ಗಾಳಿಯ ನೈಟ್ರೋಜನ್ನೇ ತಲೆಗೆ ಅಮಲೇರಿಸುತ್ತದೆ. ಹೋರೆನ್‌ಬುರ್ಗ್ ಎಂದು ಕೊರೆದ ಚಾಕುವೊಂದು ಸಿಕ್ಕಿತು. ಆ ಹೆಸರಿನ ನಾವಿಕ ಯು-869 ಎಂಬ ಜರ್ಮನ್ ಸಬ್‌ಮರೀನಿನಲ್ಲಿದ್ದ. ಆದರೆ ದಾಖಲೆ ಪ್ರಕಾರ ಯು-869 ಮುಳುಗಿದ್ದು ದೂರದ ಜಿಬ್ರಾಲ್ಟರ್ ಬಳಿ! ಚಾಕು ಒಂದನ್ನೇ ನಂಬುವಂತಿರಲಿಲ್ಲ, ಅಲ್ವಾ? ಡೈವರ್‌ಗಳಾದ ಜಾನ್ ಚಾಟರ್ಟನ್, ರಿಚಿ ಕೋಲರ್ ಹಟ ಬಿಡದೆ ಇಳಿದರು. ಅಲ್ಲಿ ಮೂವರು ಡೈವರ್‌ಗಳು ಜೀವ ಕಳೆದುಕೊಂಡರು. 1997ರಲ್ಲಿ ಬಿಡಿಭಾಗದ ಪೆಟ್ಟಿಗೆಯ ಟ್ಯಾಗ್ ಮೇಲೆ 869 ಎಂಬ ಅಂಕಿ ಸಿಕ್ಕಿತು. ಜಿಬ್ರಾಲ್ಟರ್ ಅಂತಿದ್ದ ದಾಖಲೆಯನ್ನು ಆಮೇಲೆ ತಿದ್ದಿದರು.