ಕಾಡಿನಲ್ಲಿ ಫಿರಂಗಿ ನಿಧಾನವಾಗುವುದಿಲ್ಲ

ಯುದ್ಧದ ಆಟಗಳನ್ನು ರೂಪಿಸುವವರಿಗೆ ಇತಿಹಾಸದ ತಪ್ಪುಗಳನ್ನು ತಿದ್ದಿಕೊಡುವುದು ನನ್ನ ಕೆಲಸ. ಹಲಗೆಯ ಆಟವಿರಲಿ, ಕಂಪ್ಯೂಟರಿನದಿರಲಿ, ಕರಡು ಕೈಗೆ ಬಂದ ಕೂಡಲೇ ನಾನು ಹುಡುಕುವುದು ಒಂದೇ ಸಾಲನ್ನು: 'ಕಾಡು: ಫಿರಂಗಿಯ ವೇಗ ಅರ್ಧ.' ಅದು ಇದ್ದೇ ಇರುತ್ತದೆ. ಬಯಲಿನಲ್ಲಿ ನಾಲ್ಕು ಮನೆ ಹೋಗುವ ಕಾಯಿ ಕಾಡಿನಲ್ಲಿ ಎರಡು ಮನೆ ಹೋಗುತ್ತದೆ. ಆ ಸಾಲನ್ನು ಹೊಡೆದುಹಾಕಿ ಹೊಡೆದುಹಾಕಿ ಸಾಕಾಗಿದೆ.

ಕಾಡಿನಲ್ಲಿ ಫಿರಂಗಿ ನಿಧಾನವಾಗುವುದಿಲ್ಲ. ದಾರಿಯಿದ್ದರೆ ಹೋಗುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ನಿಧಾನವಾಗಿ ಸಾಗುವುದು ದಾರಿ ಕಡಿಯುವ ಕೆಲಸ. ಇದನ್ನು ಕೇಳಿ ತಲೆಯಾಡಿಸಿ ಹೋದವರೇ ಮುಂದಿನ ಕರಡಿನಲ್ಲಿ 'ಅರ್ಧ' ಅಳಿಸಿ 'ಕಾಲು' ಎಂದು ಬರೆದು ತರುತ್ತಾರೆ. ಕಾಲೂ ಅಲ್ಲ, ಅರೆಕಾಲೂ ಅಲ್ಲ! ಫಿರಂಗಿಯ ನಡೆಯನ್ನು ಎಣಿಸಬೇಡಿ. ಅದರ ಮುಂದೆ ಕೊಡಲಿ, ಗುದ್ದಲಿ ಹಿಡಿದವರು ಎಷ್ಟು ಜನ, ಅವರಿಗೆ ಎಷ್ಟು ಅಕ್ಕಿ ಬೇಕು, ಆ ವಾರ ಮಳೆ ಎಷ್ಟು ಎಂಬುದನ್ನು ಎಣಿಸಿ.

1954ರಲ್ಲಿ ವಿಯೆಟ್ನಾಮಿನಲ್ಲಿ ಫ್ರೆಂಚರ ವಿರುದ್ಧ ನಡೆದ ದಿಯೆನ್ ಬಿಯೆನ್ ಫು ಕದನವನ್ನೇ ನೋಡಿ. ಎರಡು ಟನ್ನಿಗೂ ಹೆಚ್ಚು ತೂಗುವ 105 ಮಿಲಿಮೀಟರ್ ಹೊವಿಟ್ಜರ್ ಫಿರಂಗಿಗಳನ್ನು ವಿಯೆತ್ ಮಿನ್ ಎಂಬ ಸ್ವಾತಂತ್ರ್ಯ ಪಡೆಯ ಸೈನಿಕರು ಜನವರಿಯಲ್ಲಿ ಹಗ್ಗ ಕಟ್ಟಿ, ಕೈಯಿಂದಲೇ ಬೆಟ್ಟದ ಮೇಲಕ್ಕೆ ಎಳೆದರು. ಫ್ರೆಂಚ್ ವಿಮಾನಗಳ ಕಣ್ಣು ತಪ್ಪಿಸಲು ಎಳೆದಾಟವೆಲ್ಲ ರಾತ್ರಿಯಲ್ಲಿ. ದಾಳಿಗೆ ಕೆಲವೇ ಗಂಟೆಗಳಿರುವಾಗ ಅವರ ಸೇನಾನಿ ವೊ ನುಯೆನ್ ಜಾಪ್ ಅದನ್ನು ಮುಂದೂಡಿದರು. ಎಳೆದು ತಂದಿದ್ದನ್ನೆಲ್ಲ ಮತ್ತೆ ಹಿಂದಕ್ಕೆ ಎಳೆಯಬೇಕಾಯಿತು. ಆಮೇಲೆ ಹೊಸ ದಾರಿಗಳನ್ನು ಕಡಿದರು, ಗುಡ್ಡದ ಮೈಯಲ್ಲಿ ಗುಹೆಗಳನ್ನು ತೋಡಿದರು. ದಾಳಿ ಶುರುವಾದದ್ದು ಮಾರ್ಚ್ 13ಕ್ಕೆ. ಅಲ್ಲಿ ಸೈಕಲ್‌ಗಳೂ ಇದ್ದವು, ಆದರೆ ಅವು ಹೊತ್ತದ್ದು ಮುಖ್ಯವಾಗಿ ಅಕ್ಕಿಯನ್ನು, ಸಾಮಾನನ್ನು. ಸೈಕಲ್ಲಿನ ಮೇಲೆ ಹೊವಿಟ್ಜರ್ ಹೇರಿದ ಚಿತ್ರವನ್ನೂ ನನಗೆ ಒಬ್ಬರು ಕಳಿಸಿದ್ದರು.

ಆಟಗಳಲ್ಲಿ ಇಳಿಜಾರು ಎಂದರೆ ಸಲೀಸು. ಊರ ತೇರು ಎಳೆದವರು ಇದನ್ನು ಒಪ್ಪಲಾರರು. ಏರಿನಲ್ಲಿ ಜನ ಸುಸ್ತಾಗುತ್ತಾರೆ, ಇಳಿಜಾರಿನಲ್ಲಿ ಸಾಯುತ್ತಾರೆ. ಹಿಂದಿನಿಂದ ಹಗ್ಗ ಜಗ್ಗಿ ಹಿಡಿದವರ ಅಂಗೈ ಸುಲಿಯುತ್ತದೆ. ಚಕ್ರಕ್ಕೆ ಮರದ ತುಂಡು ಕೊಡುವವನು ಪ್ರತಿ ಗೇಣಿಗೂ ಬಗ್ಗಬೇಕು, ಅದು ತಿರುಗುವ ಮೊದಲೇ ಕೈ ಹಿಂದೆಗೆಯಬೇಕು. ದಿಯೆನ್ ಬಿಯೆನ್ ಫುವಿನಲ್ಲಿ ಫಿರಂಗಿಗಳನ್ನು ಹಿಂದಕ್ಕೆ ಸಾಗಿಸುವಾಗ ಇಂಥದೇ ಒಂದು ಇಳಿಜಾರಿನಲ್ಲಿ ಹಗ್ಗ ತುಂಡಾಯಿತು. ವಿಮಾನ ಹೊಡೆಯುವ 37 ಮಿಲಿಮೀಟರ್ ಫಿರಂಗಿಯೊಂದು ಜಾರತೊಡಗಿದಾಗ ತೊ ವಿನ್ ಜಿಯೆನ್ ಎಂಬ ಸೈನಿಕ ಅದರ ಚಕ್ರಕ್ಕೆ ತನ್ನ ಮೈಯನ್ನೇ ಅಡ್ಡ ಕೊಟ್ಟ. ಯಾವ ಆಟದಲ್ಲೂ ಆ ಇಳಿಜಾರಿಗೆ ಒಂದು ಮನೆ ಇರುವುದನ್ನು ನಾನು ಕಂಡಿಲ್ಲ.

ಎಲ್ಲ ಆಯುಧಕ್ಕೂ ಇದೇ ನಿಯಮ ಎಂದು ನಾನು ಹೇಳುತ್ತಿಲ್ಲ. ಬ್ರಿಟಿಷರ 3.7 ಇಂಚಿನ ಬೆಟ್ಟದ ಹೊವಿಟ್ಜರನ್ನು ಬಿಡಿಬಿಡಿಯಾಗಿ ಬಿಚ್ಚಿ ಎಂಟು ಹೇಸರಗತ್ತೆಗಳ ಮೇಲೆ ಹೇರಬಹುದಿತ್ತು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಕಾಡಿನಲ್ಲಿ ಅದಕ್ಕೆ ಕಾಲುದಾರಿ ಸಾಕಿತ್ತು. ಅಲ್ಲಿ ಹೇಸರಗತ್ತೆಯ ನಡೆಯೇ ಫಿರಂಗಿಯ ನಡೆ.

ಫಿರಂಗಿ ನಿಲ್ಲಲು ಕಾಡೇ ಬೇಕೆಂದಿಲ್ಲ, ಮಳೆ ಬಂದು ಎತ್ತು ಸತ್ತರೂ ಸಾಕು. 1791ರ ಮೇ ತಿಂಗಳಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿದ್ದ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರಕ್ಕೇ ಬಂದು, ಕದನ ಗೆದ್ದು, ಎಳೆಯಲು ಎತ್ತುಗಳಿಲ್ಲದೆ ಕೋಟೆ ಒಡೆಯುವ ತನ್ನ ಭಾರಿ ಫಿರಂಗಿಗಳನ್ನು ಕಣ್ಣಂಬಾಡಿಯ ಬಳಿ ತಾನೇ ನಾಶಮಾಡಿ ಹಿಂತಿರುಗಿದ.

ಈಚೆಗೆ ಒಂದು ತಂಡದ ಹುಡುಗರು ಫಿರಂಗಿಯ ಕಾಯಿಯ ಜೊತೆ ದಾರಿಯ ಕಾಯಿಗಳನ್ನೂ ಮಾಡಿ ತಂದರು. ಎರಡು ಸಂಜೆ ಕೂತು ಆಡಿದೆವು. ಎರಡನೆಯ ಸಂಜೆ, ಮಳೆಯ ಚೀಟಿ ಬಂದು ಆರು ಮನೆಯ ದಾರಿ ಕೊಚ್ಚಿಹೋದಾಗ, ಅವರಲ್ಲಿ ಚಿಕ್ಕವನು ಅಕ್ಕಿಯ ಕಾಯಿಗಳನ್ನು ಮೂರು ಸಲ ಎಣಿಸಿದ. ಆಮೇಲೆ ಫಿರಂಗಿಯನ್ನು ಮುಟ್ಟದೆ, ಗುದ್ದಲಿಯ ಕಾಯಿಯನ್ನು ಒಂದು ಮನೆ ಮುಂದಕ್ಕಿಟ್ಟ.