ಎತ್ತುವ ಬಲ, ಇಳಿಸುವ ಮಿತಿ: ಎಮಿಟರ್ ಫಾಲೋವರ್‌ನ ಹಳೆಯ ತಕರಾರು

ಸಿಆರ್‌ಓ, ಅಂದರೆ ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಉಪಕರಣ; ಅದರ ಪರದೆಯ ಮೇಲೆ ಸೈನ್ ಅಲೆ. ಮೇಲಿನ ದಿಬ್ಬ ದುಂಡಗಿದೆ, ಕೆಳಗಿನ ತಗ್ಗು ಮಾತ್ರ ಕುಡುಗೋಲಿನಿಂದ ಸವರಿದಂತೆ ಚಪ್ಪಟೆ. ಒಂದೇ ಟ್ರಾನ್ಸಿಸ್ಟರ್‌ನ ಎಮಿಟರ್ ಫಾಲೋವರ್ ಎಂಬ ಬಫರ್ ಕಟ್ಟಿ, ಅದರಿಂದ ಕರೆಂಟ್ ಪಡೆಯುವ ಲೋಡ್ ಜೋಡಿಸಿದವರಲ್ಲಿ ಹೆಚ್ಚಿನವರು ಇದನ್ನು ಕಂಡಿರುತ್ತಾರೆ. ಟ್ರಾನ್ಸಿಸ್ಟರ್ ಕೆಟ್ಟಿರಬೇಕೆಂದು ಎರಡು ಸಲ ಬದಲಾಯಿಸಿ, ಅದೇ ಚಪ್ಪಟೆ ತಗ್ಗನ್ನು ಮತ್ತೆ ನೋಡಿದವನು ನಾನು.

ಈ ಬಫರ್ ವೋಲ್ಟೇಜನ್ನು ಹೆಚ್ಚಿಸುವುದಿಲ್ಲ. ಟ್ರಾನ್ಸಿಸ್ಟರ್‌ನ ಮೂರು ಕಾಲುಗಳಲ್ಲಿ ಸಿಗ್ನಲ್ ಬರುವುದು ಬೇಸ್‌ಗೆ, ಹೊರಡುವುದು ಎಮಿಟರ್‌ನಿಂದ; ಕಲೆಕ್ಟರ್ ಪ್ಲಸ್ ಸಪ್ಲೈಗೆ. ಬೇಸ್ ಹೋದಲ್ಲೆಲ್ಲ ಎಮಿಟರ್ ಸುಮಾರು 0.65 ವೋಲ್ಟ್ ಕೆಳಗಿದ್ದುಕೊಂಡು ಹಿಂಬಾಲಿಸುತ್ತದೆ; ಲೋಡ್‌ಗೆ ಬೇಕಾದ ಕರೆಂಟನ್ನು ತಾನೇ ಒದಗಿಸುತ್ತದೆ. ಆದರೆ ಇಲ್ಲಿರುವ ಎನ್‌ಪಿಎನ್ ಬಗೆಯ ಟ್ರಾನ್ಸಿಸ್ಟರ್ ತನ್ನ ಎಮಿಟರ್‌ನಿಂದ ಕರೆಂಟನ್ನು ಹೊರಗೆ ತಳ್ಳಬಲ್ಲದೇ ಹೊರತು ಒಳಗೆ ಎಳೆದುಕೊಳ್ಳಲಾರದು. ಬಾವಿಯಿಂದ ಕೊಡ ಮೇಲೆ ಬರುವುದು ತೋಳಬಲದಿಂದ, ಕೆಳಗಿಳಿಯುವುದು ಅದರ ತೂಕದಿಂದ. ಹಗ್ಗವನ್ನು ಬಿಡಬಹುದು, ತಳ್ಳಲಾಗದು. ಇಲ್ಲಿ ಆ ತೂಕದ ಕೆಲಸ ಎಮಿಟರ್‌ನ ಕೆಳಗೆ, ಮೈನಸ್ ಸಪ್ಲೈ ಕಡೆಗೆ ಕೂತಿರುವ ಭಾಗದ್ದು.

ತಕರಾರು ಟ್ರಾನ್ಸಿಸ್ಟರ್‌ಗಿಂತ ಹಳೆಯದು. ಬ್ರಿಟನ್ನಿನ ಇಎಂಐ ಕಂಪನಿಯಲ್ಲಿದ್ದ ಅಲನ್ ಬ್ಲಮ್‌ಲೀನ್ 1934ರಲ್ಲಿ ಕ್ಯಾಥೋಡ್ ಫಾಲೋವರ್‌ಗೆ ಪೇಟೆಂಟ್ ಕೋರಿದರು. ವಾಲ್ವ್‌ನ (ಟ್ರಾನ್ಸಿಸ್ಟರ್‌ಗೆ ಮೊದಲಿನ ಗಾಜಿನ ನಿರ್ವಾತ ಕೊಳವೆಯ) ಆ ಸರ್ಕ್ಯೂಟಿಗೂ ಇದೇ ಒಂದು ಪಕ್ಕದ ಬಲ. ಅದೇ ಕಂಪನಿಯ ಎರಿಕ್ ವೈಟ್ 1940ರ ದಶಕದಲ್ಲಿ ಕೆಳಗೆ ಇನ್ನೊಂದು ವಾಲ್ವ್ ಇಟ್ಟು, ಬೇಕಾದಾಗ ಅದು ಎಳೆಯುವಂತೆ ಮಾಡಿದರು. 1947ರ ಡಿಸೆಂಬರ್‌ನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಮೇಲೆ ಕ್ಯಾಥೋಡ್ ಫಾಲೋವರ್ ಎಮಿಟರ್ ಫಾಲೋವರ್ ಆಯಿತು. ತಕರಾರೂ ಜೊತೆಗೇ ಬಂತು.

ಲೆಕ್ಕ ಹಾಕಿ ನೋಡೋಣ. ±12 ವೋಲ್ಟ್ ಸಪ್ಲೈ, ಎಮಿಟರ್‌ನಿಂದ ಮೈನಸ್‌ಗೆ 12 ಕಿಲೋ ಓಮ್ ರೆಸಿಸ್ಟರ್. ಔಟ್‌ಪುಟ್ ಸೊನ್ನೆಯಲ್ಲಿದ್ದಾಗ 1 ಮಿಲಿಆಂಪ್ ಹರಿಯುತ್ತದೆ. ಔಟ್‌ಪುಟ್ +6ಕ್ಕೆ ಏರಿದರೆ ಅದು 1.5, −6ಕ್ಕೆ ಇಳಿದರೆ 0.5. ಕರೆಂಟ್ ಬದಲಾದರೆ ಬೇಸ್-ಎಮಿಟರ್ ವೋಲ್ಟೇಜೂ ಬದಲಾಗಬೇಕು: ಏರುವಾಗ ಸುಮಾರು 10 ಮಿಲಿವೋಲ್ಟ್ ಹೆಚ್ಚು, ಇಳಿಯುವಾಗ ಸುಮಾರು 18 ಮಿಲಿವೋಲ್ಟ್ ಕಡಿಮೆ. ಎರಡೂ ಸಮವಲ್ಲ, ಹಾಗಾಗಿ ಅಲೆಯ ಆಕಾರ ತುಸು ಕೆಡುತ್ತದೆ. ರೆಸಿಸ್ಟರ್ ತೆಗೆದು 1 ಮಿಲಿಆಂಪ್‌ನ ಕಾನ್‌ಸ್ಟಂಟ್ ಕರೆಂಟ್ ಸೋರ್ಸ್ ಇಡಿ, ಅಂದರೆ ವೋಲ್ಟೇಜ್ ಎಷ್ಟೇ ಇದ್ದರೂ ಒಂದೇ ಕರೆಂಟ್ ಹರಿಸುವ ಸರ್ಕ್ಯೂಟ್. ಔಟ್‌ಪುಟ್ ಎಲ್ಲೇ ಇರಲಿ, ಟ್ರಾನ್ಸಿಸ್ಟರ್ ಕಾಣುವುದು ಅದೇ 1 ಮಿಲಿಆಂಪ್. ಆ ಏರುಪೇರು ಮಾಯ. ಕಲೆಕ್ಟರ್ ವೋಲ್ಟೇಜ್ ಬದಲಾದಂತೆ ಬೇಸ್‌ನ ಅಗಲ ಬದಲಾಗುವ ಸಣ್ಣ ದೋಷವಷ್ಟೇ ಉಳಿಯುತ್ತದೆ; 1952ರಲ್ಲಿ ಅದನ್ನು ವಿವರಿಸಿದ ಜೇಮ್ಸ್ ಅರ್ಲಿ ಅವರ ಹೆಸರಿನಲ್ಲೇ ಅದು ಅರ್ಲಿ ಎಫೆಕ್ಟ್.

ಇಷ್ಟೂ ಹೊರಗಿನ ಲೋಡ್ ಇಲ್ಲದಾಗಿನ ಮಾತು. ಕರೆಂಟ್ ಸೋರ್ಸ್ ಹಾಕಿದ ಮಾತ್ರಕ್ಕೆ ಬಫರ್ ಗಟ್ಟಿಯಾಯಿತು ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ತಪ್ಪು. ಮೇಲಿನ ಸರ್ಕ್ಯೂಟಿಗೆ 10 ಕಿಲೋ ಓಮ್ ಲೋಡ್ ಕೊಟ್ಟರೆ ರೆಸಿಸ್ಟರ್ ಇದ್ದಾಗ ತಗ್ಗು −5.45 ವೋಲ್ಟ್‌ನಲ್ಲಿ ನಿಲ್ಲುತ್ತದೆ, ಕರೆಂಟ್ ಸೋರ್ಸ್ ಇದ್ದರೆ −10ರವರೆಗೆ ಹೋಗುತ್ತದೆ. ಭಾರೀ ಲಾಭವೇ. ಲೋಡ್ 1 ಕಿಲೋ ಓಮ್ ಮಾಡಿ: ರೆಸಿಸ್ಟರ್‌ಗೆ −0.92, ಕರೆಂಟ್ ಸೋರ್ಸ್‌ಗೆ −1. ಎರಡಕ್ಕೂ ವ್ಯತ್ಯಾಸವೇ ಇಲ್ಲವೆನ್ನಬೇಕು. 1 ಮಿಲಿಆಂಪ್ ಎಂದರೆ 1 ಮಿಲಿಆಂಪ್. ಅದಕ್ಕಿಂತ ಹೆಚ್ಚು ಎಳೆತ ಎಲ್ಲಿಂದ ಬರಬೇಕು?

ಉದ್ದ ಕೇಬಲ್‌ನಲ್ಲೂ ಇದೇ ಕಥೆ. ಕೇಬಲ್‌ನ ಕೆಪಾಸಿಟೆನ್ಸ್ 1 ನ್ಯಾನೋಫ್ಯಾರಡ್ ಇದ್ದರೆ 1 ಮಿಲಿಆಂಪ್ ಅದನ್ನು ಮೈಕ್ರೋಸೆಕೆಂಡಿಗೆ 1 ವೋಲ್ಟ್‌ನಂತೆ ಇಳಿಸಬಲ್ಲದು. 20 ಕಿಲೋಹರ್ಟ್ಸ್‌ನ, 10 ವೋಲ್ಟ್ ಪೀಕ್‌ನ ಅಲೆಗೆ ಬೇಕಾದದ್ದು 1.26. ಸ್ಕ್ವೇರ್ ವೇವ್ ಹಾಕಿದರೆ ಕಣ್ಣಿಗೇ ಕಾಣುತ್ತದೆ: ಏರುವ ಅಂಚು ಗೋಡೆಯಂತೆ ನೆಟ್ಟಗೆ, ಇಳಿಯುವ ಅಂಚು ಜಾರುಬಂಡೆಯಂತೆ ಓರೆ.

ಹಾಗಾದರೆ ಕರೆಂಟ್ ಹೆಚ್ಚಿಸಿದರಾಯಿತಲ್ಲ? ಶಾಖ ಬಿಡುವುದಿಲ್ಲ. 8 ಓಮ್ ಸ್ಪೀಕರ್‌ಗೆ 10 ವ್ಯಾಟ್ ಕೊಡಲು ಪೀಕ್ ಕರೆಂಟ್ 1.6 ಆಂಪಿಯರ್ ಬೇಕು. ±15 ವೋಲ್ಟ್‌ನಲ್ಲಿ ಹಾಡಿಲ್ಲದಾಗಲೂ 48 ವ್ಯಾಟ್ ಹೀಟ್‌ಸಿಂಕ್‌ಗೇ ಹೋಗುತ್ತದೆ. ಹೀಗೆ ಸದಾ ಪೂರ್ತಿ ಕರೆಂಟ್ ಹರಿಸುತ್ತಲೇ ಇರುವ ಕ್ಲಾಸ್ ಎ ಬಫರ್‌ನ ದಕ್ಷತೆ ಲೆಕ್ಕದಲ್ಲೇ 25 ಪ್ರತಿಶತ ದಾಟದು.

ಕರೆಂಟ್ ಸೋರ್ಸ್ ಮನೆಮಾತಾದದ್ದು ಇಡೀ ಸರ್ಕ್ಯೂಟನ್ನೇ ಒಂದು ಚಿಪ್‌ನಲ್ಲಿಡುವ ಐಸಿಗಳಿಂದ. ಸಿಲಿಕಾನ್ ಮೇಲೆ ದೊಡ್ಡ ರೆಸಿಸ್ಟರ್ ತುಂಬ ಜಾಗ ತಿನ್ನುತ್ತದೆ, ಟ್ರಾನ್ಸಿಸ್ಟರ್ ಅಗ್ಗ. 1965ರಲ್ಲಿ ಫೇರ್‌ಚೈಲ್ಡ್ ಕಂಪನಿಯ 709 ಆಪ್ ಆಂಪ್ (ಆಂಪ್ಲಿಫೈಯರ್ ಚಿಪ್) ರೂಪಿಸಿದ ಬಾಬ್ ವಿಡ್ಲರ್, ಸಣ್ಣ ರೆಸಿಸ್ಟರ್‌ನಲ್ಲೇ ಮೈಕ್ರೋಆಂಪ್‌ಗಳ ಕರೆಂಟ್ ಸೋರ್ಸ್ ಮಾಡುವ ದಾರಿ ತೋರಿಸಿದರು. ಆಮೇಲೆ ಬಂದ ಎಲ್‌ಎಂ110 ಬಫರ್ ಚಿಪ್‌ನಲ್ಲಿ ಬೂಸ್ಟರ್ ಎಂಬ ಪಿನ್ನೇ ಇತ್ತು; ಲೋಡ್ ಇದ್ದಾಗ ತಗ್ಗು ಸಾಲದಿದ್ದರೆ ಅಲ್ಲಿಂದ ಮೈನಸ್‌ಗೆ ರೆಸಿಸ್ಟರ್ ಹಾಕಿಕೊಳ್ಳಬೇಕಿತ್ತು. ಮಿತಿಯನ್ನು ಮುಚ್ಚಿಡದೆ ಪಿನ್ ಮಾಡಿಕೊಟ್ಟ ಆ ಪ್ರಾಮಾಣಿಕತೆ ನನಗೆ ಬಹಳ ಇಷ್ಟ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಎಲ್‌ಎಂ358 ಆಪ್ ಆಂಪ್‌ನ ಔಟ್‌ಪುಟ್‌ನಲ್ಲೂ 50 ಮೈಕ್ರೋಆಂಪ್‌ನ ಕರೆಂಟ್ ಸೋರ್ಸ್ ಇದೆ. ಲೋಡ್ ಅದನ್ನು ಮೀರಿ ಕೇಳಿದಾಗ ಎಳೆಯುವ ಕೆಲಸ ಚಿಪ್‌ನೊಳಗಿನ ಪಿಎನ್‌ಪಿಗೆ, ಅಂದರೆ ಎನ್‌ಪಿಎನ್‌ಗೆ ವಿರುದ್ಧ ಬಗೆಯ ಟ್ರಾನ್ಸಿಸ್ಟರ್‌ಗೆ, ಹೋಗುತ್ತದೆ. ಆ ಕೈಬದಲಿನಲ್ಲಿ ಅಲೆ ಮುರಿಯುತ್ತದೆ, ಕಿವಿಗೆ ಕರಕರ ಕೇಳುತ್ತದೆ. ಔಟ್‌ಪುಟ್‌ನಿಂದ ಗ್ರೌಂಡಿಗೆ ಒಂದು ರೆಸಿಸ್ಟರ್ ಹಾಕಿ ಎಂದು ಡೇಟಾಶೀಟೇ ಹೇಳುತ್ತದೆ. 12 ವೋಲ್ಟ್ ಸಪ್ಲೈನಲ್ಲಿ 3.3 ಕಿಲೋ ಓಮ್ ಹಾಕಿದರೆ, ಔಟ್‌ಪುಟ್ 6 ವೋಲ್ಟ್‌ನಲ್ಲಿದ್ದಾಗ 1.8 ಮಿಲಿಆಂಪ್ ಎಳೆತ. 1 ವೋಲ್ಟ್‌ಗೆ ಇಳಿದಾಗ ಬರೀ 0.3. ಕೆಪಾಸಿಟರ್ ಮೂಲಕ ಜೋಡಿಸಿದ 10 ಕಿಲೋ ಓಮ್ ಲೋಡ್ ಆ ಹೊತ್ತಿಗೆ ಕೇಳುವುದು 0.5; ರೆಸಿಸ್ಟರ್‌ನ ಎಳೆತ ಸಾಲದು. ಆ ರೆಸಿಸ್ಟರ್ ಜಾಗದಲ್ಲಿ ಒಂದು ಬಿಸಿ547 ಎನ್‌ಪಿಎನ್ ಟ್ರಾನ್ಸಿಸ್ಟರ್ (ಕಲೆಕ್ಟರ್ ಔಟ್‌ಪುಟ್‌ಗೆ), ಅದರ ಬೇಸ್‌ನಿಂದ ಗ್ರೌಂಡಿಗೆ ಎರಡು ಡಯೋಡ್, ಅವಕ್ಕೆ ಪ್ಲಸ್‌ನಿಂದ 10 ಕಿಲೋ ಓಮ್, ಎಮಿಟರ್‌ನಿಂದ ಗ್ರೌಂಡಿಗೆ 330 ಓಮ್ ಇಟ್ಟು ನೋಡಿ. ಸುಮಾರು 2 ಮಿಲಿಆಂಪ್ ಎಳೆತ ತಗ್ಗಿನ ತಳದವರೆಗೂ ಕದಲದೆ ನಿಲ್ಲುತ್ತದೆ.