ಸೆನ್ಸರ್‌ಗೆ ಪೆಟ್ರೋಲ್ ಕಾಣುವುದಿಲ್ಲ

ಗೆಳೆಯನೊಬ್ಬ ತನ್ನ ಹಳೇ ಕಾರಿನ ಎಂಜಿನ್ ಅನ್ನು ತಾನೇ ಟ್ಯೂನ್ ಮಾಡುತ್ತಿದ್ದ. ತೊಡೆಯ ಮೇಲೆ ಲ್ಯಾಪ್‌ಟಾಪ್, ಡ್ಯಾಶ್‌ಬೋರ್ಡ್ ಮೇಲೆ ಹೊಸ ವೈಡ್‌ಬ್ಯಾಂಡ್ ಮೀಟರ್. ಎಂಜಿನ್‌ನ ಹೊಗೆ ನೋಡಿ ಗಾಳಿ ಮತ್ತು ಪೆಟ್ರೋಲಿನ ಲೆಕ್ಕವನ್ನು ಲ್ಯಾಂಬ್ಡಾ ಎಂಬ ಅಂಕಿಯಲ್ಲಿ ಹೇಳುವ ಮೀಟರ್ ಅದು. ಮೀಟರ್ ಲ್ಯಾಂಬ್ಡಾ 1.2 ತೋರಿಸಿತು. ಅಂದರೆ ಲೀನ್, ಪೆಟ್ರೋಲ್ ಸಾಲದು. ಪೆಟ್ರೋಲ್ ಜಾಸ್ತಿ ಮಾಡಿದ. ಮತ್ತೆ ಲೀನ್. ಇನ್ನಷ್ಟು ಸುರಿದ. ಆಗಲೂ ಲೀನ್! ಅಷ್ಟು ಹೊತ್ತಿಗೆ ಸೈಲೆನ್ಸರ್‌ನಿಂದ ಹಸಿ ಪೆಟ್ರೋಲ್ ವಾಸನೆ ಗಪ್ಪನೆ ಮೂಗಿಗೆ ಬಡಿಯುತ್ತಿತ್ತು.

"ಮೂಗು ಒಂದು ಹೇಳ್ತಿದೆ, ಮೀಟರ್ ಇನ್ನೊಂದು ಹೇಳ್ತಿದೆ. ಯಾರನ್ನ ನಂಬೋದು?" ಎಂದ.

ಮೂಗೂ ಸರಿ, ಮೀಟರೂ ಸರಿ. ತಪ್ಪಿದ್ದು ನಮ್ಮ ಓದಿನಲ್ಲಿ. ಎಕ್ಸಾಸ್ಟ್ ಪೈಪ್‌ನಲ್ಲಿ ಕೂತು ಮೀಟರ್‌ಗೆ ಸುದ್ದಿ ಕೊಡುವ ಆ ಸೆನ್ಸರ್ ಪೆಟ್ರೋಲನ್ನು ಅಳೆಯುವುದೇ ಇಲ್ಲ. ಅದಕ್ಕೆ ಗೊತ್ತಿರುವುದು ಆಕ್ಸಿಜನ್ ಒಂದೇ.

ಒಂದು ಸಭೆಯನ್ನು ಊಹಿಸಿಕೊಳ್ಳಿ. ಸಭೆ ಮುಗಿದ ಮೇಲೆ ಒಬ್ಬ ಒಳಗೆ ಬಂದು ಯಾರೂ ಕೂರದೆ ಉಳಿದ ಕುರ್ಚಿಗಳನ್ನು ಎಣಿಸುತ್ತಾನೆ. ಅವನ ಕೆಲಸ ಅಷ್ಟೇ. ಕುರ್ಚಿ ಉಳಿದಿದ್ದರೆ "ಜನ ಸಾಲಲಿಲ್ಲ" ಎಂದು ಬರೆದುಕೊಳ್ಳುತ್ತಾನೆ. ಇಲ್ಲಿ ಕುರ್ಚಿ ಎಂದರೆ ಆಕ್ಸಿಜನ್, ಜನ ಎಂದರೆ ಪೆಟ್ರೋಲ್. ಈಗ ನೂರು ಜನ ಬಂದೂ ಬಾಗಿಲು ತೆರೆಯದೆ ಎಲ್ಲರೂ ಹೊರಗೇ ನಿಂತು ವಾಪಸ್ ಹೋದರು ಅಂದುಕೊಳ್ಳಿ. ಎಣಿಸುವವನಿಗೆ ಕಾಣುವುದು ನೂರು ಖಾಲಿ ಕುರ್ಚಿ. "ಮುಂದಿನ ಸಲ ಇನ್ನೂ ನೂರು ಜನರನ್ನು ಕರೆಸಿ" ಎನ್ನುತ್ತಾನೆ ಪುಣ್ಯಾತ್ಮ.

ಮಿಸ್‌ಫೈರ್ ಆದಾಗ ನಡೆಯುವುದು ಇದೇ. ಪ್ಲಗ್ ಕಿಡಿ ಕೊಡಲಿಲ್ಲ. ಸಿಲಿಂಡರ್‌ನೊಳಗಿನ ಗಾಳಿಯೂ ಪೆಟ್ರೋಲೂ ಉರಿಯದೆ ಹಾಗೇ ಹೊರಗೆ ಬಂದವು. ನಾಲ್ಕು ಸಿಲಿಂಡರ್‌ಗಳಲ್ಲಿ ಒಂದು ಪೂರ್ತಿ ಕೈಕೊಟ್ಟರೆ ಹೊಗೆಯಲ್ಲಿ ಹೆಚ್ಚುಕಡಿಮೆ ಶೇ. 5ರಷ್ಟು ಆಕ್ಸಿಜನ್ ಇರುತ್ತದೆ. ಸೆನ್ಸರ್ ಅದನ್ನು ನೋಡಿ ಲೀನ್ ಎನ್ನುತ್ತದೆ. ನಾವು ಪೆಟ್ರೋಲ್ ಸುರಿಯುತ್ತೇವೆ. ಪ್ಲಗ್ ಒದ್ದೆಯಾಗಿ ಕಿಡಿ ಇನ್ನೂ ಕೆಡುತ್ತದೆ. ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಹೋಗುತ್ತದೆ. ಉರಿಯದ ಪೆಟ್ರೋಲೂ ಆಕ್ಸಿಜನ್ನೂ ಹೊಗೆಯ ವಿಷ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರ್‌ನೊಳಗೆ ಹೋಗಿ ಅಲ್ಲಿ ಹೊತ್ತಿಕೊಂಡು, ಅದರ ಒಳಗಿನ ಜೇನುಗೂಡನ್ನೇ ಕರಗಿಸಿಬಿಡಬಹುದು.

ಲ್ಯಾಂಬ್ಡಾ ಅಂದರೇನು ಎಂದು ಟ್ಯೂನಿಂಗ್‌ಗೆ ಕೈಹಾಕಿದವರಿಗೆ ಹೇಳಬೇಕಿಲ್ಲ. 1 ಎಂದರೆ ಗಾಳಿ ಮತ್ತು ಪೆಟ್ರೋಲ್ ಲೆಕ್ಕ ಸರಿ, 1ಕ್ಕಿಂತ ಜಾಸ್ತಿ ಇದ್ದರೆ ಲೀನ್, ಕಡಿಮೆ ಇದ್ದರೆ ರಿಚ್, ಅಂದರೆ ಪೆಟ್ರೋಲ್ ಹೆಚ್ಚು. ಆದರೆ ಆ ಸೆನ್ಸರ್ ತಲೆಯೊಳಗಿರುವ ಪಿಂಗಾಣಿ ಇದೆಯಲ್ಲ, ಅದರ ಕಥೆಯನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ.

1897ರಲ್ಲಿ ವಾಲ್ಟರ್ ನರ್ನ್‌ಸ್ಟ್ ಎಂಬ ಜರ್ಮನ್ ವಿಜ್ಞಾನಿ ಒಂದು ವಿಚಿತ್ರ ದೀಪ ಮಾಡಿದ. ಅದರೊಳಗೆ ತಂತಿ ಇರಲಿಲ್ಲ, ಪಿಂಗಾಣಿಯ ಕಡ್ಡಿ ಇತ್ತು. ಜಿರ್ಕೋನಿಯಾಕ್ಕೆ ಒಂದಿಷ್ಟು ಇಟ್ರಿಯಾ ಬೆರೆಸಿದ ಕಡ್ಡಿ; ಎರಡೂ ಲೋಹದ ಆಕ್ಸೈಡ್‌ಗಳು. ತಣ್ಣಗಿದ್ದರೆ ಅದರಲ್ಲಿ ಕರೆಂಟ್ ಹರಿಯುತ್ತಿರಲಿಲ್ಲ. ಮೊದಲು ಕಾಯಿಸಬೇಕು, ಆಮೇಲೆ ಅದು ತಾನಾಗಿ ಬೆಳಗುತ್ತಿತ್ತು. ಕೊನೆಗೆ ಲೋಹದ ತಂತಿಯ ಬಲ್ಬ್ ಗೆದ್ದಿತು, ಈ ದೀಪ ಮೂಲೆಗೆ ಸೇರಿತು. ನರ್ನ್‌ಸ್ಟ್‌ಗೆ 1920ರ ರಸಾಯನ ವಿಜ್ಞಾನದ ನೊಬೆಲ್ ಬಂದದ್ದು ಬೇರೆ ಕೆಲಸಕ್ಕೆ. ಮನುಷ್ಯನಿಗೆ ಕಾರಿನ ಹುಚ್ಚು ಬೇರೆ ಇತ್ತು. ತನ್ನ ದೀಪದ ಕಡ್ಡಿಯ ಮಣ್ಣೇ ಮುಂದೊಂದು ದಿನ ಕಾರಿನ ಹೊಗೆ ಕೊಳವೆಯಲ್ಲಿ ಕೂರುತ್ತದೆ ಎಂದು ತಿಳಿದಿದ್ದರೆ ಎಷ್ಟು ಖುಷಿಪಡುತ್ತಿದ್ದನೋ! ಆ ದಿನ ಬಂದದ್ದು 1976ರಲ್ಲಿ. ಬಾಷ್ ಕಂಪನಿ ತಯಾರಿಸಿದ ಲ್ಯಾಂಬ್ಡಾ ಸೆನ್ಸರ್ ವೋಲ್ವೋ ಕಾರಿನಲ್ಲಿ ರಸ್ತೆಗಿಳಿಯಿತು.

ಕಾಯಿಸಿದರೆ ಕರೆಂಟ್ ಹರಿಯುವುದು ಯಾಕೆ? ಇಟ್ರಿಯಾ ಸೇರಿದಾಗ ಆ ಪಿಂಗಾಣಿಯ ಹರಳಿನಲ್ಲಿ ಆಕ್ಸಿಜನ್ ಇರಬೇಕಾದ ಕೆಲವು ಜಾಗ ಖಾಲಿ ಬೀಳುತ್ತವೆ. ಸಾಲಿನಲ್ಲಿ ಒಂದು ಕುರ್ಚಿ ಖಾಲಿಯಾದರೆ ಪಕ್ಕದವನು ಅಲ್ಲಿಗೆ ಸರಿಯುತ್ತಾನೆ, ಅವನ ಜಾಗಕ್ಕೆ ಮತ್ತೊಬ್ಬ. (ಈ ಕುರ್ಚಿಯನ್ನು ನಾನು ಬಿಡುವ ಹಾಗೆ ಕಾಣುವುದಿಲ್ಲ.) ಹೀಗೆ ಆಕ್ಸಿಜನ್ ಅಯಾನುಗಳು (ವಿದ್ಯುದಂಶ ಹೊತ್ತ ಪರಮಾಣುಗಳು) ಘನ ವಸ್ತುವಿನ ಒಳಗೇ ನಡೆದುಹೋಗುತ್ತವೆ. ಆದರೆ ಜಡ ಬಿಟ್ಟು ಎದ್ದೇಳಲು ಅವಕ್ಕೆ ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿ ಬೇಕು. ಪಿಂಗಾಣಿಯ ಒಂದು ಬದಿಗೆ ಹೊರಗಿನ ಗಾಳಿ, ಇನ್ನೊಂದು ಬದಿಗೆ ಹೊಗೆ. ಎರಡು ತೊಟ್ಟಿಗಳ ನಡುವೆ ನೀರಿನ ಮಟ್ಟದ ವ್ಯತ್ಯಾಸ ಇದ್ದ ಹಾಗೆ ಇಲ್ಲಿ ಆಕ್ಸಿಜನ್ ಮಟ್ಟದ ವ್ಯತ್ಯಾಸ. ಆ ಒತ್ತಡವೇ ವೋಲ್ಟ್ ಆಗಿ ಕಾಣುತ್ತದೆ. ಲೀನ್ ಇದ್ದರೆ ಸುಮಾರು 0.1 ವೋಲ್ಟ್, ರಿಚ್ ಇದ್ದರೆ ಸುಮಾರು 0.9.

ನಡುವೆ ಏನಿದೆ? ಬಹುತೇಕ ಏನೂ ಇಲ್ಲ, ಒಂದು ಕಡಿದಾದ ಜಿಗಿತ ಅಷ್ಟೇ. ಹೀಗೆ ಕೆಲಸ ಮಾಡುವ ಹಳೆಯ ನ್ಯಾರೋಬ್ಯಾಂಡ್ ಸೆನ್ಸರ್ ತಕ್ಕಡಿ ಇದ್ದಂತೆ. ಯಾವ ತಟ್ಟೆ ಕೆಳಗೆ ಎಂದು ಹೇಳುತ್ತದೆ, ಎಷ್ಟು ಭಾರ ಎಂದು ಹೇಳುವುದಿಲ್ಲ. ಹಾಗಿದ್ದೂ "ಫುಲ್ ಥ್ರಾಟಲ್‌ನಲ್ಲಿ ಇಷ್ಟೇ ವೋಲ್ಟ್ ಬರಬೇಕು" ಎಂದು ಇದರಿಂದ ಟ್ಯೂನ್ ಮಾಡುವವರನ್ನು ಕಂಡಾಗ ನನಗೆ ತಾಳ್ಮೆ ತಪ್ಪುತ್ತದೆ. ರಿಚ್ ಬದಿಯಲ್ಲಿ ಆ ವೋಲ್ಟ್ ಪೆಟ್ರೋಲಿಗಿಂತ ಹೆಚ್ಚಾಗಿ ಸೆನ್ಸರ್‌ನ ಬಿಸಿಗೆ ತಕ್ಕಂತೆ ಕುಣಿಯುತ್ತದೆ.

ವೈಡ್‌ಬ್ಯಾಂಡ್ ಅದೇ ತಕ್ಕಡಿಯನ್ನು ಜಾಣತನದಿಂದ ಬಳಸುತ್ತದೆ. ಅದರೊಳಗೆ ಒಂದು ಪುಟ್ಟ ಕೋಣೆ, ಕೋಣೆಗೊಂದು ಆಕ್ಸಿಜನ್ ಪಂಪ್. ಪಂಪ್ ಕೂಡ ಅದೇ ಪಿಂಗಾಣಿಯದ್ದು. ಕೋಣೆಯಲ್ಲಿ ಆಕ್ಸಿಜನ್ ಜಾಸ್ತಿಯಾದರೆ ಹೊರಗೆ ತಳ್ಳು, ಕಡಿಮೆಯಾದರೆ ಒಳಗೆ ಎಳೆ, ತಕ್ಕಡಿ 0.45 ವೋಲ್ಟ್‌ನಲ್ಲಿ ಸಮ ನಿಲ್ಲಬೇಕು. ಹಾಗೆ ನಿಲ್ಲಿಸಲು ಎಷ್ಟು ಕರೆಂಟ್ ಬೇಕಾಯಿತೋ ಅದೇ ಅಳತೆ. ಅಂಗಡಿಯವನು ತೂಕದ ಕಲ್ಲು ಇಟ್ಟು ತೆಗೆದು ಮಾಡುವುದೂ ಇದನ್ನೇ, ಅಲ್ವಾ?

ಇಷ್ಟು ತಿಳಿದರೆ ಉಳಿದ ಎಡವಟ್ಟುಗಳು ತಾವಾಗಿಯೇ ಅರ್ಥವಾಗುತ್ತವೆ. ಸೆನ್ಸರ್‌ಗೆ ಮುಂಚೆ ಎಕ್ಸಾಸ್ಟ್ ಗ್ಯಾಸ್ಕೆಟ್, ಅಂದರೆ ಪೈಪಿನ ಕೀಲಿಗೆ ಹಾಕಿದ ಸೀಲ್, ಸೋರುತ್ತಿದೆ ಅನ್ನಿ. "ಸೋರಿದರೆ ಹೊಗೆ ಹೊರಗೆ ಹೋಗುತ್ತೆ, ಗಾಳಿ ಹೇಗೆ ಒಳಗೆ ಬರುತ್ತೆ?" ಎಂದು ವಾದಿಸುವವರಿದ್ದಾರೆ. ಹೊಗೆ ನಲ್ಲಿ ನೀರಿನಂತೆ ಒಂದೇ ಸಮ ಹರಿಯುವುದಿಲ್ಲ. ಗುಟುಕು ಗುಟುಕಾಗಿ ಬರುತ್ತದೆ. ಎರಡು ಗುಟುಕುಗಳ ನಡುವೆ ಪೈಪಿನ ಒತ್ತಡ ಹೊರಗಿನದಕ್ಕಿಂತ ಕೆಳಗಿಳಿದು ಗಾಳಿಯನ್ನು ಎಳೆದುಕೊಳ್ಳುತ್ತದೆ. ಐಡಲ್‌ನಲ್ಲಿ ಲೀನ್, ಆಕ್ಸಿಲರೇಟರ್ ಒತ್ತಿದ ಮೇಲೆ ಸರಿ ಎಂದು ಮೀಟರ್ ಹೇಳಿದರೆ ಮ್ಯಾಪ್ (ಯಾವಾಗ ಎಷ್ಟು ಪೆಟ್ರೋಲ್ ಎಂದು ಮನೆ ಮನೆಯಾಗಿ ಬರೆದಿಟ್ಟ ಕೋಷ್ಟಕ) ಮುಟ್ಟುವ ಮೊದಲು ಗ್ಯಾಸ್ಕೆಟ್ ನೋಡಿ.

ಇನ್ನು ನೀರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ! ಬಿಸಿ ಎಂಜಿನ್‌ನಲ್ಲಿ ಅದು ಆವಿಯಾಗಿ ಹೋಗುತ್ತದೆ, ತಣ್ಣನೆಯ ಪೈಪಿನಲ್ಲಿ ಹನಿಯಾಗಿ ನಿಲ್ಲುತ್ತದೆ. ವೈಡ್‌ಬ್ಯಾಂಡ್‌ನ ಪಿಂಗಾಣಿ ತನ್ನ ಹೀಟರ್‌ನಿಂದಲೇ 700 ಡಿಗ್ರಿ ದಾಟಿರುತ್ತದೆ. ಅದರ ಮೇಲೆ ಒಂದು ಹನಿ ಬಿದ್ದರೆ ಸಾಕು, ಫಟ್. ಅದಕ್ಕೇ ಸೆನ್ಸರನ್ನು ಪೈಪಿನ ತಳಭಾಗದಲ್ಲಿ ಕೂರಿಸಬಾರದು. ಮೇಲ್ಭಾಗದಲ್ಲಿ, ತುದಿ ಕೆಳಮುಖವಾಗಿ ವಾಲುವಂತೆ ಇರಬೇಕು. ಎಂಜಿನ್ ಸ್ಟಾರ್ಟ್ ಮಾಡದೆ ಸುಮ್ನೆ ಹೀಟರ್ ಉರಿಸಿಕೊಂಡು ಕೂರುವುದೂ ಬೇಡ. ಹಾಗಂತ ಕರೆಂಟ್ ಕೊಡದೆ ಪೈಪಿನಲ್ಲಿ ಬಿಟ್ಟು ಓಡಿಸಿದರೆ ತಣ್ಣನೆಯ ತುದಿಗೆ ಮಸಿ ಕಟ್ಟಿ ಅದು ಸಾಯುತ್ತದೆ. ಬಳಸದಿದ್ದರೆ ಬಿಚ್ಚಿಟ್ಟು ಆ ತೂತಿಗೆ ಬೋಲ್ಟ್ ಹಾಕಿ.

ಸಿಕ್ಕಿದ ಸಿಲಿಕೋನ್ ಸೀಲೆಂಟ್ ಬಳಿದರೂ ಸೆನ್ಸರ್ ಕೆಡುತ್ತದೆ, ಅದರ ಆವಿ ತುದಿಯ ಪ್ಲಾಟಿನಂ ಮೇಲೆ ಪದರ ಕಟ್ಟುತ್ತದೆ.

ಎಥನಾಲ್ ಬೆರೆಸಿದ ಪೆಟ್ರೋಲ್ ಬಗ್ಗೆ ಒಂದು ಗಾಬರಿ ಕೇಳಿಬರುತ್ತದೆ. ಶುದ್ಧ ಪೆಟ್ರೋಲಿನ 1 ಕಿಲೋಗೆ 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ ಸುಮಾರು 9 ಸಾಕು. "ಹಾಗಾದರೆ ಮೀಟರ್ 14.7 ಯಾಕೆ ತೋರಿಸುತ್ತಿದೆ?" ಯಾಕೆಂದರೆ ಅದು ಲ್ಯಾಂಬ್ಡಾವನ್ನು ಅಳೆದು 14.7ರಿಂದ ಗುಣಿಸುತ್ತಿದೆ, ಅಷ್ಟೇ. ಟ್ಯಾಂಕ್‌ನಲ್ಲಿ ಏನಿದೆ ಎಂಬುದು ಅದಕ್ಕೇನು ಗೊತ್ತು? ಮೀಟರನ್ನು ಲ್ಯಾಂಬ್ಡಾಕ್ಕೇ ಇಟ್ಟುಕೊಂಡರೆ ಈ ತಲೆನೋವೇ ಇಲ್ಲ.

ಗೆಳೆಯನ ಕಾರಿನಲ್ಲಿ ಮೂರನೇ ಸಿಲಿಂಡರ್‌ನ ಪ್ಲಗ್ ಬಿಚ್ಚಿದೆವು. ಪಿಂಗಾಣಿ ಸೀಳಿತ್ತು, ತುದಿ ತೊಯ್ದು ತೊಪ್ಪೆಯಾಗಿತ್ತು. ಹೊಸದು ಹಾಕಿ ಸ್ಟಾರ್ಟ್ ಮಾಡಿದ್ದೇ ತಡ, ಮೀಟರ್ ಲೀನ್ ಬಿಟ್ಟು ಸೀದಾ ರಿಚ್‌ಗೆ ಇಳಿಯಿತು. ಅವನು ಇಡೀ ಮಧ್ಯಾಹ್ನ ಸುರಿದಿದ್ದ ಪೆಟ್ರೋಲೆಲ್ಲ ಈಗ ಒಮ್ಮೆಲೇ ಲೆಕ್ಕಕ್ಕೆ ಬಂದಿತ್ತು. ಕತ್ತಲಾಗುವವರೆಗೂ ಕೂತು ಮ್ಯಾಪ್‌ನಲ್ಲಿ ಸೇರಿಸಿದ್ದನ್ನು ಒಂದೊಂದೇ ಮನೆಯಿಂದ ಕಳೆಯುತ್ತಾ ಹೋದೆವು.